ಹೆಸರಲ್ಲೊಂದು ಅಪಾಸ್ಟ್ರಫಿ, ಕ್ಯಾಲೆಂಡರ್ ಮಾಯ

ಒಂದು ಬುಕಿಂಗ್ ಸೈಟ್ ಮಾಡಿಕೊಟ್ಟಿದ್ದೆ, ಪೈಥಾನ್ ಭಾಷೆಯ ವೆಬ್ ಫ್ರೇಮ್‌ವರ್ಕ್ ಜಾಂಗೋದಲ್ಲಿ. ಗ್ರಾಹಕರಲ್ಲಿ ಮಂಗಳೂರಿನವರೇ ಜಾಸ್ತಿ. ಒಂದು ದಿನ ಫೋನ್ ಬಂತು, "ಕೆಲವರಿಗೆ ಮಾತ್ರ ಕ್ಯಾಲೆಂಡರ್ ಕಾಣ್ತಾ ಇಲ್ಲ ಸರ್." ಕೆಲವರು ಅಂದರೆ ಯಾರು ಅಂತ ಪಟ್ಟಿ ತರಿಸಿ ನೋಡಿದರೆ ಎಲ್ಲ ಡಿಸೋಜಾ, ಡಿಸಿಲ್ವಾಗಳೇ!

ಇಂಗ್ಲಿಷಿನಲ್ಲಿ ಆ ಹೆಸರು ಬರೆಯುವಾಗ ಡಿ ಆದ ಮೇಲೆ ಒಂದು ಅಪಾಸ್ಟ್ರಫಿ ಬರುತ್ತದೆ ಅಲ್ವಾ, ಅದೇ ಎಡವಟ್ಟು. ಸರ್ವರ್‌ನಲ್ಲಿದ್ದ ಹೆಸರು ಜಾವಾಸ್ಕ್ರಿಪ್ಟ್‌ಗೂ ಬೇಕಿತ್ತು. ನಾನು ಟೆಂಪ್ಲೇಟಿನ (ಪೇಜಿನ ಅಚ್ಚು) ಸ್ಕ್ರಿಪ್ಟ್ ಟ್ಯಾಗ್ ಒಳಗೇ ಎರಡು ಸಿಂಗಲ್ ಕೋಟ್ ಹಾಕಿ, ನಡುವೆ ಹೆಸರನ್ನು ಪ್ರಿಂಟ್ ಮಾಡಿಸಿದ್ದೆ. ಜಾಂಗೋ ಪಾಪ ತಾನಾಗಿಯೇ ಅಪಾಸ್ಟ್ರಫಿಯನ್ನು ಎಸ್ಕೇಪ್ ಮಾಡಿ, ಅಂದರೆ ಅಪಾಯವಿಲ್ಲದ ಸಂಕೇತವಾಗಿ ಬದಲಿಸಿ, ಕಾಪಾಡಿತ್ತು. ಆದರೆ ಸ್ಕ್ರಿಪ್ಟ್ ಟ್ಯಾಗ್ ಒಳಗೆ ಬ್ರೌಸರ್ ಅದನ್ನು ಬಿಡಿಸಿ ಓದುವುದಿಲ್ಲ, ಹಾಗಾಗಿ ಹೆಸರಿನ ನಡುವೆ ಆಂಪರ್ಸೆಂಡ್, ಹ್ಯಾಶ್, ಸೆಮಿಕೋಲನ್ ಅಂತ ಏನೇನೋ ಕಾಣುತ್ತಿತ್ತು. ಇದೇನು ಗಲೀಜು ಅಂತ ಒಂದು ಸೇಫ್ ಫಿಲ್ಟರ್ (ಎಸ್ಕೇಪ್ ಮಾಡಬೇಡ ಅಂತ ಜಾಂಗೋಗೆ ಹೇಳುವುದು) ಅಂಟಿಸಿ ಮಲಗಿದೆ. ಅಲ್ಲಿಗೆ ಹೆಸರಿನ ಅಪಾಸ್ಟ್ರಫಿಯೇ ಮುಚ್ಚುವ ಕೋಟ್ ಆಗಿ, ಸ್ಟ್ರಿಂಗ್ (ಕೋಟ್‌ಗಳ ನಡುವಿನ ಪಠ್ಯ) ಅರ್ಧಕ್ಕೇ ಮುಗಿದು, ಸಿಂಟ್ಯಾಕ್ಸ್ ಎರರ್ ಆಗಿ, ಆ ಇಡೀ ಸ್ಕ್ರಿಪ್ಟ್ ಓಡದೆ ಹೋಯಿತು.

ನಿಜ ಹೇಳಬೇಕೆಂದರೆ ಕ್ಯಾಲೆಂಡರ್ ಹೋದದ್ದು ಸಣ್ಣ ವಿಷಯ. ಯಾರಾದರೂ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಮುಚ್ಚುವ ಟ್ಯಾಗ್ ಬರೆದು, ಅದರ ಹಿಂದೆಯೇ ತಮ್ಮದೊಂದು ಹೊಸ ಸ್ಕ್ರಿಪ್ಟ್ ಬರೆದಿದ್ದರೆ? ಎಚ್‌ಟಿಎಂಎಲ್ ಪಾರ್ಸರ್‌ಗೆ ಜಾವಾಸ್ಕ್ರಿಪ್ಟ್ ಕೋಟ್‌ಗಳ ಗೊಡವೆಯೇ ಇಲ್ಲ. ಮುಚ್ಚುವ ಟ್ಯಾಗ್ ಕಂಡ ಕೂಡಲೇ ಮುಚ್ಚುತ್ತದೆ, ಮುಂದಿನದ್ದನ್ನು ಓಡಿಸುತ್ತದೆ. ಪೈಥಾನ್‌ನ ಜೇಸನ್ ಡಂಪ್ಸ್ (ಡೇಟಾವನ್ನು ಜೇಸನ್ ಎಂಬ ಪಠ್ಯ ರೂಪಕ್ಕೆ ತರುವ ಫಂಕ್ಷನ್) ಬಳಸಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಸಾಲದು. ಅದು ಕೋಟ್‌ಗಳನ್ನು ನೋಡಿಕೊಳ್ಳುತ್ತದೆ, ಟ್ಯಾಗ್ ಶುರುವಾಗುವ ಲೆಸ್ ದ್ಯಾನ್ ಚಿಹ್ನೆಯನ್ನು (<) ಹಾಗೇ ಬಿಡುತ್ತದೆ.

ಇದಕ್ಕೆಂದೇ ಜಾಂಗೋ 2.1ರಲ್ಲಿ, ಅಂದರೆ 2018ರಲ್ಲೇ, ಜೇಸನ್ ಸ್ಕ್ರಿಪ್ಟ್ ಅನ್ನೋ ಫಿಲ್ಟರ್ ಬಂದಿದೆ. ನಾನೇ ನೋಡಿರಲಿಲ್ಲ. ಅದು ಡೇಟಾವನ್ನು ಬೇರೆಯೇ ಒಂದು ಸ್ಕ್ರಿಪ್ಟ್ ಟ್ಯಾಗ್‌ನಲ್ಲಿಟ್ಟು, ಟೈಪ್ ಜೇಸನ್ ಅಂತ ಬರೆಯುತ್ತದೆ, ಆಗ ಬ್ರೌಸರ್ ಅದನ್ನು ಓಡಿಸುವುದಿಲ್ಲ, ಸುಮ್ನೆ ಇಟ್ಟುಕೊಂಡಿರುತ್ತದೆ. ಅಪಾಯದ ಚಿಹ್ನೆಗಳೆಲ್ಲ ಯೂನಿಕೋಡ್ ಎಸ್ಕೇಪ್ ಆಗಿರುತ್ತವೆ. ನಮ್ಮ ಜಾವಾಸ್ಕ್ರಿಪ್ಟ್ ಐಡಿ ಹಿಡಿದು ಹುಡುಕಿ, ಟೆಕ್ಸ್ಟ್ ತೆಗೆದು, ಜೇಸನ್ ಪಾರ್ಸ್ ಮಾಡಿಕೊಂಡರೆ ಆಯಿತು. ಒಂದೆರಡು ಬಿಡಿ ಬೆಲೆಗಳಾದರೆ ಎಚ್‌ಟಿಎಂಎಲ್ ಟ್ಯಾಗ್‌ನಲ್ಲೇ ಬರೆಯುವ ಡೇಟಾ ಆಟ್ರಿಬ್ಯೂಟ್ ಸಾಕು, ಆದರೆ ಅಲ್ಲಿ ಎಲ್ಲವೂ ಸ್ಟ್ರಿಂಗ್. ಫಾಲ್ಸ್ ಅನ್ನೋ ಪದ ಕೂಡ ಇಫ್‌ನಲ್ಲಿ ಟ್ರೂ ಆಗಿಬಿಡುತ್ತದೆ!

ಯೂಸರ್ ಆಬ್ಜೆಕ್ಟನ್ನು ಇಡಿಯಾಗಿ ಕಳಿಸೋಣ ಅಂತ ಮಾತ್ರ ಹೋಗಬೇಡಿ. ಎಲ್ಲ ಫೀಲ್ಡ್‌ಗಳನ್ನೂ ಡಂಪ್ ಮಾಡಿದರೆ ಪಾಸ್‌ವರ್ಡ್ ಹ್ಯಾಶ್ (ಅದರ ಗೂಢ ರೂಪ) ಕೂಡ ಪೇಜಿನ ಸೋರ್ಸ್‌ನಲ್ಲಿ ಕೂತಿರುತ್ತದೆ. ನಾನೀಗ ಬೇಕಾದ ನಾಲ್ಕೈದು ಫೀಲ್ಡ್‌ಗಳನ್ನು ಕೈಯಾರೆ ಒಂದು ಡಿಕ್ಷನರಿಯಲ್ಲಿ ಬರೆಯುತ್ತೇನೆ.

ಇಷ್ಟೆಲ್ಲ ಸರಿಮಾಡಿದ ಮೇಲೆ ಇನ್ನೊಂದು ಫೋನ್. ಅಮೆರಿಕದಲ್ಲಿರುವ ಮಗ ಊರಿನ ಅಪ್ಪನಿಗೆ ಬುಕ್ ಮಾಡಿದ್ದನಂತೆ, ಅವನಿಗೆ ಹಿಂದಿನ ದಿನದ ತಾರೀಕು ಕಾಣುತ್ತಿದೆಯಂತೆ. ತಾರೀಕು ಸ್ಟ್ರಿಂಗ್ ಆಗಿ ಹೋಗುತ್ತದೆ, ಸಮಯ ಇಲ್ಲದ ತಾರೀಕನ್ನು ಜಾವಾಸ್ಕ್ರಿಪ್ಟ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿ ಅಂತ ಓದುತ್ತದೆ. ನಮ್ಮಲ್ಲಿ ಆಗ ಬೆಳಗಿನ 5:30, ಅಮೆರಿಕದಲ್ಲಿ ಇನ್ನೂ ನಿನ್ನೆ. ಈಗ ತಾರೀಕನ್ನು ಡೇಟ್ ಆಬ್ಜೆಕ್ಟ್ ಮಾಡುವುದನ್ನೇ ಬಿಟ್ಟು, ಸ್ಟ್ರಿಂಗನ್ನೇ ತುಂಡು ಮಾಡಿ ತೋರಿಸುತ್ತಿದ್ದೇನೆ.