ಚಿಮಣಿ ನೆತ್ತಿಯ ರಿಪೇರಿ: ತೇಪೆ ಬಿಟ್ಟು ಹೊಸ ಮುಚ್ಚಳ

ಮೊದಲ ಶನಿವಾರ

ಒಲೆ ಪಕ್ಕದ ಗೋಡೆಯಲ್ಲಿ ತೇವ ಕಂಡಾಗ ಛಾವಣಿ ಸೋರುತ್ತಿದೆ ಅಂದುಕೊಂಡಿದ್ದೆ. ಮೇಲೆ ಹತ್ತಿ ನೋಡಿದರೆ ಚಿಮಣಿಯ ನೆತ್ತಿಯೇ, ಅಂದರೆ ಇಟ್ಟಿಗೆಯ ಮೇಲಿನ ಗಾರೆಯ ಮುಚ್ಚಳವೇ, ಒಡೆದಿದೆ. ಹೊಗೆ ಹೋಗುವ ಸುಟ್ಟಮಣ್ಣಿನ ಕೊಳವೆಯಿಂದ ನಾಲ್ಕೂ ಮೂಲೆಗೆ ಬಿರುಕು. ಹಿಂದೆ ಯಾರೋ ಅದರ ಮೇಲೆ ಸಿಮೆಂಟ್ ಸವರಿದ್ದರು. ಅದೂ ಅದೇ ಗೆರೆಯಲ್ಲಿ ಬಾಯಿ ಬಿಟ್ಟಿತ್ತು.

ಒಲೆ ಉರಿದಾಗ ಕೊಳವೆ ಬಿಸಿಯಾಗಿ ಹಿಗ್ಗುತ್ತದೆ. ಸುತ್ತಲಿನ ಗಾರೆ ಅಷ್ಟು ಬಿಸಿಯಾಗುವುದಿಲ್ಲ. ಎರಡನ್ನೂ ಕಚ್ಚಿಸಿ ಕಟ್ಟಿದರೆ ಗಾರೆ ಸೀಳಲೇಬೇಕು, ಅಲ್ವಾ? ಎಷ್ಟು ತೇಪೆ ಹಾಕಿದರೂ ಅಷ್ಟೇ. ಕೊಳವೆಯೊಳಗೆ ಚೂರು ಬೀಳದಂತೆ ಬಟ್ಟೆ ತುರುಕಿ, ಉಳಿ ಸುತ್ತಿಗೆ ಹಿಡಿದು ಪೂರ್ತಿ ಕಿತ್ತೆ.

ಭಾನುವಾರ

ಮೇಲಿನ ಮೂರು ಸಾಲು ಇಟ್ಟಿಗೆಯ ಸಂದುಗಳು ಬೆರಳಲ್ಲಿ ಕೆರೆದರೂ ಉದುರುತ್ತಿದ್ದವು. 2.5 ಸೆಂ.ಮೀ. ಆಳಕ್ಕೆ ಕೆರೆದು, ನೀರು ಚಿಮುಕಿಸಿ, ಹೊಸ ಗಾರೆ ತುಂಬಿದೆ. 1 ಪಾಲು ಸಿಮೆಂಟ್, 1 ಪಾಲು ಸುಣ್ಣ, 6 ಪಾಲು ಮರಳು. ಸಿಮೆಂಟ್ ಜಾಸ್ತಿ ಹಾಕಬಾರದು. ಗಾರೆ ಇಟ್ಟಿಗೆಗಿಂತ ಗಟ್ಟಿಯಾದರೆ ಇಟ್ಟಿಗೆಯ ಮುಖವೇ ಚಕ್ಕೆಚಕ್ಕೆಯಾಗಿ ಎದ್ದು ಬರುತ್ತದೆ. ಸಂದನ್ನು ಮತ್ತೆ ತುಂಬಬಹುದು, ಇಟ್ಟಿಗೆಯನ್ನಲ್ಲ.

ಎರಡನೇ ಶನಿವಾರ

ಇವತ್ತು ಮುಚ್ಚಳ. ಗೋಡೆಯಿಂದ 5 ಸೆಂ.ಮೀ. ಹೊರಚಾಚುವ ಹಾಗೆ ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟಿದೆ. ಅಡಿಹಲಗೆಯ ಅಂಚಿನ ಹತ್ತಿರ ಸುತ್ತಲೂ ತೆಳು ಹಗ್ಗ ಬಡಿದೆ. ಆಮೇಲೆ ಅದನ್ನು ಕಿತ್ತರೆ ಮುಚ್ಚಳದ ಕೆಳಗೆ ಸಣ್ಣ ತೋಡು ಉಳಿಯುತ್ತದೆ. ನೀರು ಅಡಿಯಲ್ಲೇ ಹರಿದು ಗೋಡೆಗೆ ಬರದೆ ಅಲ್ಲೇ ತೊಟ್ಟಿಕ್ಕುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ಈ ಪುಟ್ಟ ಗೆರೆ.

ಇಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಕೊಳವೆಗೆ ರಟ್ಟು ಸುತ್ತಿ, ಸಣ್ಣ ಜಲ್ಲಿಯ ಕಾಂಕ್ರೀಟ್ ಸುರಿದೆ. ಅಂಚಿನಲ್ಲಿ 6 ಸೆಂ.ಮೀ., ಕೊಳವೆಯ ಹತ್ತಿರ 9. ಇಳಿಜಾರಿಗೆ ಅಷ್ಟು ಸಾಕು. ಒದ್ದೆ ಗೋಣಿಚೀಲ ಹೊದಿಸಿ 7 ದಿನ ಆರಲು ಬಿಡಲಿಲ್ಲ.

ಮೂರನೇ ಭಾನುವಾರ

ರಟ್ಟು ಕಿತ್ತು, ಆ ಸಂದಿಗೆ ಬಿಸಿ ತಡೆಯುವ ಹಗ್ಗ ತುರುಕಿ, ಮೇಲೆ ಬಿಸಿ ತಡೆಯುವ ಸಿಲಿಕೋನ್ ಎಳೆದೆ. ಈಗ ಕೊಳವೆ ಹಿಗ್ಗಲು ಜಾಗವಿದೆ. ಸಿಲಿಕೋನ್ ಒಣಗಿದ ಮೇಲೆ ಒಂದು ಬಕೆಟ್ ನೀರು ಸುರಿದೆ. ತೋಡಿನ ಹತ್ತಿರ ಬಂದು ಹನಿಹನಿಯಾಗಿ ಬಿತ್ತು. ಅದರ ಕೆಳಗಿನ ಇಟ್ಟಿಗೆ ಒಣಗಿದ ಹಾಗೇ ಇತ್ತು. ಎಷ್ಟು ಸಮಾಧಾನವಾಯಿತೆಂದರೆ ಸುಮ್ನೆ ಅಲ್ಲೇ ನೋಡುತ್ತಾ ನಿಂತೆ.

ಬಾಕಿ ಇರುವುದು ಎರಡು. ಕೊಳವೆಯ ಬಾಯಿಗೆ ಜಾಲರಿಯ ಟೋಪಿ. ಗಾರೆಗೆ 28 ದಿನ ತುಂಬಿದ ಮೇಲೆ ಇಟ್ಟಿಗೆಗೆ ಸೈಲಾಕ್ಸೇನ್ ದ್ರಾವಣ, ಅಂದರೆ ಮಳೆನೀರು ಒಳಗಿಳಿಯದಂತೆ ತಡೆದು ಒಳಗಿನ ತೇವ ಆವಿಯಾಗಿ ಹೋಗಲು ಬಿಡುವ ಲೇಪ. ಬಣ್ಣ ಬಳಿಯುವುದಿಲ್ಲ. ಬಣ್ಣದ ಪದರ ಒಳಗಿನ ತೇವವನ್ನು ಅಲ್ಲೇ ಕೂಡಿಹಾಕುತ್ತದೆ.