ಯಾವುದು ಕೂಡುತ್ತದೆ, ಯಾವುದು ಕೂಡುವುದಿಲ್ಲ

ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು. ಇದರಲ್ಲಿ ಮಾತಾಡುವುದಕ್ಕೆ ಏನಿದೆ ಅಂತ ಅನಿಸಬಹುದು. ಆದರೆ ಗಣಿತದ ಚಿಹ್ನೆಗಳಲ್ಲಿ ನನಗೆ ತುಂಬಾ ಕುತೂಹಲ ಹುಟ್ಟಿಸುವುದು ಈ ಪ್ಲಸ್ಸೇ. ಎಲ್ಲರಿಗೂ ಗೊತ್ತಿರುವ ಚಿಹ್ನೆ ಇದು, ಒಂದೊಂದು ಕಡೆ ಒಂದೊಂದು ಥರ ನಡೆದುಕೊಳ್ಳುತ್ತದೆ.

50 ಮಿಲಿ ನೀರಿಗೆ 50 ಮಿಲಿ ಶುದ್ಧ ಎಥನಾಲ್ ಸುರಿಯಿರಿ. ಅಳತೆ ಜಾಡಿಯಲ್ಲಿ 100 ಬರುವುದಿಲ್ಲ, ಸುಮಾರು 96 ಬರುತ್ತದೆ. ಏನೂ ಚೆಲ್ಲಿಲ್ಲ, ಆವಿಯಾಗಿಯೂ ಹೋಗಿಲ್ಲ. ಎರಡೂ ಬಗೆಯ ಅಣುಗಳು ಒಂದನ್ನೊಂದು ಹತ್ತಿರಕ್ಕೆ ಎಳೆದುಕೊಂಡು ಇನ್ನಷ್ಟು ಒತ್ತಾಗಿ ಕೂರುತ್ತವೆ, ಅಷ್ಟೇ. ಈಗ ಅದನ್ನೇ ತೂಗಿ ನೋಡಿ: ನೀರು 50 ಗ್ರಾಂ, ಎಥನಾಲ್ ಸುಮಾರು 39.5 ಗ್ರಾಂ, ಬೆರೆಸಿದ ಮೇಲೆ 89.5. ಗಾತ್ರ ಕೂಡಲಿಲ್ಲ, ತೂಕ ಕೂಡಿತು. ಅಂದರೆ ಕೂಡುವ ಲೆಕ್ಕ ಕೆಟ್ಟಿಲ್ಲ, ನಾವು ಏನನ್ನು ಕೂಡಿಸಲು ಹೊರಟೆವೋ ಅದನ್ನು ಸರಿಯಾಗಿ ಆರಿಸಿರಲಿಲ್ಲ. ನನ್ನ ಪ್ರಕಾರ ವಿಜ್ಞಾನದ ಅರ್ಧ ಕೆಲಸ ಇದೇ. ನಿಜವಾಗಿ ಕೂಡುವ ಅಳತೆ ಯಾವುದು ಅಂತ ಮೊದಲು ಹುಡುಕಬೇಕು. ಅದು ಸಿಕ್ಕಮೇಲೆ ಕೂಡಿಸುವುದು ಮಕ್ಕಳಿಗೂ ಬರುತ್ತದೆ.

ಹಾಗಾದರೆ ತೂಕ ಎಲ್ಲಾ ಕಡೆ ಕೂಡುತ್ತದಾ? ಇಲ್ಲ. ಸೂರ್ಯನ ಒಳಗೆ ನಾಲ್ಕು ಹೈಡ್ರೋಜನ್ ಸೇರಿ ಒಂದು ಹೀಲಿಯಂ ಆಗುವಾಗ ಸುಮಾರು 0.7 ಶೇಕಡಾ ದ್ರವ್ಯರಾಶಿ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಶಕ್ತಿಯಾಗಿ ಹೊರಗೆ ಬರುತ್ತದೆ. ಹೀಗೆ ಸೂರ್ಯ ಒಂದೊಂದು ಸೆಕೆಂಡಿಗೂ 40 ಲಕ್ಷ ಟನ್ನಿಗಿಂತ ಜಾಸ್ತಿ ಕಳೆದುಕೊಳ್ಳುತ್ತಾನೆ. ಅಲ್ಲಿ ಕೂಡುವುದು ಶಕ್ತಿ. ಗಾತ್ರದಿಂದ ತೂಕಕ್ಕೆ, ತೂಕದಿಂದ ಶಕ್ತಿಗೆ, ಹೀಗೆ ಒಂದೊಂದು ಮೆಟ್ಟಿಲು ಕೆಳಗಿಳಿದಾಗಲೂ ಲೆಕ್ಕ ಮತ್ತೆ ಸರಿಹೋಗುತ್ತದೆ. ನನಗೆ ಇದು ತುಂಬಾ ಇಷ್ಟ.

ಸದ್ದಿನದೂ ಇದೇ ಕಥೆ. 60 ಡೆಸಿಬಲ್ ಸದ್ದು ಮಾಡುವ ಯಂತ್ರದ ಪಕ್ಕ ಅಂಥದ್ದೇ ಇನ್ನೊಂದು ಯಂತ್ರ ಓಡಿಸಿದರೆ 120 ಆಗುವುದಿಲ್ಲ, 63 ಆಗುತ್ತದೆ. ಸದ್ಯ! ಡೆಸಿಬಲ್ ಲಾಗರಿದಮ್ಮಿನ ಅಳತೆ, ಅಂದರೆ ಶಕ್ತಿ ಹತ್ತು ಪಟ್ಟಾದರೆ ಅಂಕಿ 10 ಮಾತ್ರ ಏರುತ್ತದೆ. ಒಳಗೆ ಕೂಡುತ್ತಿರುವುದು ಸದ್ದಿನ ಶಕ್ತಿ. ಆದರೆ ಎರಡು ಸದ್ದುಗಳು ಒಂದೇ ಅಲೆಯ ಎರಡು ಪ್ರತಿಗಳಾಗಿದ್ದರೆ ಕೂಡಿಸಬೇಕಾದ್ದು ಗಾಳಿಯ ಒತ್ತಡದ ಏರಿಳಿತವನ್ನು. ಒಂದು ಏರುವಾಗ ಇನ್ನೊಂದು ಅಷ್ಟೇ ಇಳಿದರೆ ಮೊತ್ತ ಸೊನ್ನೆ. ಹೊರಗಿನ ಗದ್ದಲ ತಡೆಯುವ ಹೆಡ್‌ಫೋನ್ ಮಾಡುವುದು ಇದನ್ನೇ: ಸದ್ದಿಗೆ ಸದ್ದು ಕೂಡಿಸಿ ನಿಶ್ಶಬ್ದ ಮಾಡುತ್ತದೆ.

ವೇಗದ ವಿಷಯ ಇನ್ನೂ ವಿಚಿತ್ರ. ಬೆಳಕಿನ ಅರ್ಧ ವೇಗದಲ್ಲಿ ಹೋಗುವ ನೌಕೆಯಿಂದ, ನೌಕೆಯ ಲೆಕ್ಕದಲ್ಲಿ ಬೆಳಕಿನ ಅರ್ಧ ವೇಗದಲ್ಲಿ ಏನನ್ನಾದರೂ ಮುಂದಕ್ಕೆ ಹಾರಿಸಿದರೆ, ಹೊರಗೆ ನಿಂತವರಿಗೆ ಅದು ಬೆಳಕಿನ ವೇಗದಲ್ಲಿ ಹೋಗುತ್ತಿರುವಂತೆ ಕಾಣುವುದಿಲ್ಲ. 0.8ರಷ್ಟು ಮಾತ್ರ. ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಸೂತ್ರ ಇದು. ಇಲ್ಲೂ ಸರಿಯಾಗಿ ಕೂಡುವ ಅಳತೆಯೊಂದಿದೆ, ವೇಗವನ್ನು ಒಂದು ಸೂತ್ರದಿಂದ ಬದಲಿಸಿ ಪಡೆಯುವ ಅದನ್ನು ರಾಪಿಡಿಟಿ ಅನ್ನುತ್ತಾರೆ. ಅರ್ಧ ವೇಗದ ರಾಪಿಡಿಟಿ 0.549, ಅದಕ್ಕೆ ಅಷ್ಟೇ ಕೂಡಿಸಿದರೆ 1.099. ಅದನ್ನು ತಿರುಗಿ ವೇಗಕ್ಕೆ ಬದಲಿಸಿದರೆ ಸರಿಯಾಗಿ 0.8.

ಹೀಗೆ ವೇಷ ಬದಲಿಸಿ ಕೂಡಿಸುವ ಉಪಾಯ ಹಳೆಯದು. ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್ ಕೋಷ್ಟಕಗಳನ್ನು ಪ್ರಕಟಿಸಿದ್ದೇ ಗುಣಾಕಾರವನ್ನು ಕೂಡುವ ಲೆಕ್ಕ ಮಾಡಿಬಿಡಲು. ಖಗೋಳದ ಲೆಕ್ಕ ಮಾಡುವವರಿಗೆ ಅದರಿಂದ ಎಷ್ಟು ಶ್ರಮ ಉಳಿದಿರಬೇಡ!

ಇದೆಲ್ಲ ಹೊರಗಿನ ಜಗತ್ತಿನದು. ಗಣಿತದ ಒಳಗೆ ಬಂದರೆ ಪ್ರಶ್ನೆಯೇ ಬೇರೆ. ಅಲ್ಲಿ ಅಳೆದು ನೋಡಲು ಏನೂ ಇಲ್ಲ, ಪ್ಲಸ್ ಅಂದರೆ ಏನು ಅಂತ ನಾವೇ ನಿಯಮ ಹಾಕಿಕೊಳ್ಳಬೇಕು. 1889ರಲ್ಲಿ ಇಟಲಿಯ ಗಣಿತಜ್ಞ ಜುಸೆಪ್ಪೆ ಪಿಯಾನೊ ಅಂಕಗಣಿತವನ್ನು ಕೆಲವೇ ಮೂಲ ನಿಯಮಗಳ ಮೇಲೆ ಕಟ್ಟಿದರು. ಇವತ್ತಿನ ರೂಪದಲ್ಲಿ ಕೂಡುವುದಕ್ಕೆ ಬೇಕಾದ್ದು ಎರಡೇ ಸಾಲು. ಯಾವುದೇ ಸಂಖ್ಯೆಗೆ ಸೊನ್ನೆ ಕೂಡಿಸಿದರೆ ಅದೇ ಸಂಖ್ಯೆ. ಒಂದು ಸಂಖ್ಯೆಗೆ ಇನ್ನೊಂದರ ಮುಂದಿನದನ್ನು ಕೂಡಿಸುವುದೆಂದರೆ, ಅವೆರಡನ್ನು ಕೂಡಿಸಿ ಬಂದದ್ದರ ಮುಂದಿನದು. ಮುಗಿಯಿತು. ಒಂದೊಂದೇ ಹೆಜ್ಜೆ ಮುಂದೆ ಹೋಗುವುದು ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ.

ಆಮೇಲೆ ಗಣಿತದವರು ಆ ನಡವಳಿಕೆಯನ್ನು ಮಾತ್ರ ಇಟ್ಟುಕೊಂಡು ಸಂಖ್ಯೆಯನ್ನೇ ಬಿಟ್ಟರು. ಹಿಂದೆಮುಂದೆ ಮಾಡಿದರೂ ಉತ್ತರ ಬದಲಾಗಬಾರದು, ಯಾವ ಎರಡನ್ನು ಮೊದಲು ಕೂಡಿಸಿದರೂ ಒಂದೇ ಆಗಬೇಕು, ಸೊನ್ನೆಯಂಥದ್ದು ಒಂದಿರಬೇಕು, ಪ್ರತಿಯೊಂದಕ್ಕೂ ಅದನ್ನು ಅಳಿಸಿಹಾಕುವ ಜೋಡಿ ಇರಬೇಕು. ಇಷ್ಟಿದ್ದರೆ ಸಾಕು, ಧಾರಾಳವಾಗಿ ಪ್ಲಸ್ ಬಳಸಿ. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಎಲಿಪ್ಟಿಕ್ ಕರ್ವ್. ವೈ ವರ್ಗ ಸಮ ಎಕ್ಸ್ ಘನ ಪ್ಲಸ್ 17 ಅನ್ನುವ ವಕ್ರರೇಖೆ ತಗೊಳ್ಳಿ. ಅದರ ಮೇಲೆ (-2, 3) ಮತ್ತು (-1, 4) ಅನ್ನುವ ಎರಡು ಬಿಂದುಗಳಿವೆ. ಇವನ್ನು ಕೂಡಿಸಬೇಕು, ಹೇಗೆ? ಎರಡರ ಮೂಲಕ ಒಂದು ನೇರ ಗೆರೆ ಎಳೆಯಿರಿ. ಅದು ವಕ್ರರೇಖೆಯನ್ನು ಮೂರನೇ ಸಲ (4, 9)ರಲ್ಲಿ ಮುಟ್ಟುತ್ತದೆ, ಬೇಕಾದರೆ ನೋಡಿ: 9ರ ವರ್ಗ 81, 4ರ ಘನ 64, ಅದಕ್ಕೆ 17 ಸೇರಿದರೆ 81. ಈಗ ಆ ಬಿಂದುವನ್ನು ಅಡ್ಡ ಅಕ್ಷದ ಆಚೆಗೆ ಮಗುಚಿ. (4, -9) ಬಂತಲ್ವಾ, ಅದೇ ಮೊತ್ತ.

ಮೊದಲ ಸಲ ನೋಡಿದವರಿಗೆ ಇದು ಸುಮ್ನೆ ಆಟ ಅನಿಸುತ್ತದೆ. ಆದರೆ ಮೇಲೆ ಹೇಳಿದ ನಿಯಮಗಳೆಲ್ಲ ಇದಕ್ಕೆ ಒಪ್ಪುತ್ತವೆ. 1985ರಲ್ಲಿ ನೀಲ್ ಕೋಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ ಇಬ್ಬರೂ ಬೇರೆಬೇರೆಯಾಗಿ ಇದನ್ನು ಗೂಢಲಿಪಿಗೆ ಬಳಸಬಹುದು ಅಂತ ತೋರಿಸಿದರು. ಒಂದು ಬಿಂದುವನ್ನು ಅದಕ್ಕೇ ಕೋಟಿಗಟ್ಟಲೆ ಸಲ ಕೂಡಿಸಿದ ಉತ್ತರವನ್ನು ಬೇಗ ಲೆಕ್ಕ ಹಾಕಬಹುದು, ಆದರೆ ಆ ಉತ್ತರ ನೋಡಿ ಎಷ್ಟು ಸಲ ಕೂಡಿಸಿದ್ದು ಅಂತ ಕಂಡುಹಿಡಿಯುವುದು ಮಹಾ ಕಷ್ಟ. ಇವತ್ತು ಫೋನಿನಲ್ಲಿ ಸುರಕ್ಷಿತ ಸಂಪರ್ಕ ತೆರೆದಾಗ ಬಹಳಷ್ಟು ಸಲ ಹಿಂದೆ ನಡೆಯುತ್ತಿರುವುದು ಈ ಥರದ ಕೂಡುವ ಲೆಕ್ಕವೇ.

ಇನ್ನು ಕಂಪ್ಯೂಟರಿನ ಸಾಮಾನ್ಯ ಪ್ಲಸ್. ಹೆಚ್ಚಿನ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿ ಪೂರ್ತಿ ಅಂಕಿಗಳನ್ನು ತೋರಿಸು ಅಂದರೆ 0.30000000000000004 ಬರುತ್ತದೆ. ಕಂಪ್ಯೂಟರ್ ಒಂದು ಸಂಖ್ಯೆಗೆ ಇಷ್ಟೇ ಅಂಕಿ ಅಂತ ಜಾಗ ಇಡುತ್ತದೆ, ಉಳಿದದ್ದು ಉದುರಿಹೋಗುತ್ತದೆ. ಅದಕ್ಕಿಂತ ಮುಖ್ಯವಾದ ತೊಂದರೆ, ಅಲ್ಲಿ ಕೂಡಿಸುವ ಕ್ರಮ ಬದಲಾದರೆ ಉತ್ತರವೂ ಬದಲಾಗಬಹುದು. ತುಂಬಾ ದೊಡ್ಡ ಸಂಖ್ಯೆಗೆ 1 ಕೂಡಿಸಿ, ಆಮೇಲೆ ಅದೇ ದೊಡ್ಡ ಸಂಖ್ಯೆಯನ್ನು ಕಳೆದರೆ ಆ 1 ಮಾಯವಾಗಿರುತ್ತದೆ. ಹೀಗೆ ಉದುರಿಹೋಗುವ ಚೂರುಗಳನ್ನು ಬೇರೆ ಇಟ್ಟುಕೊಂಡು ಮುಂದಿನ ಸಲ ಸೇರಿಸುವ ವಿಧಾನವನ್ನು ವಿಲಿಯಂ ಕಾಹನ್ 1965ರಲ್ಲೇ ಪ್ರಕಟಿಸಿದ್ದರು.

ಎಲ್ಲಕ್ಕಿಂತ ಹೆಚ್ಚು ಜಗಳ ಇರುವುದು ಔಷಧಗಳ ಲೆಕ್ಕದಲ್ಲಿ. ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟಾಗ ಅವುಗಳ ಮೊತ್ತಕ್ಕಿಂತ ಜಾಸ್ತಿ ಪರಿಣಾಮ ಬಂತು ಅನ್ನುತ್ತಾರಲ್ಲ, ಆ ಮೊತ್ತ ಯಾವುದು? ಚೆಸ್ಟರ್ ಬ್ಲಿಸ್ 1939ರಲ್ಲಿ ಕೊಟ್ಟ ಒಂದು ಉತ್ತರ ಹೀಗೆ: ಎರಡೂ ತಮ್ಮಪಾಡಿಗೆ ತಾವು ಕೆಲಸ ಮಾಡುತ್ತವೆ ಅಂದುಕೊಳ್ಳಿ. ಮೊದಲನೆಯದು ಅರ್ಧ ಬ್ಯಾಕ್ಟೀರಿಯಾ ಕೊಂದರೆ ಎರಡನೆಯದು ಉಳಿದ ಅರ್ಧದಲ್ಲಿ ಅರ್ಧ ಕೊಲ್ಲುತ್ತದೆ. ಹಾಗಾಗಿ 50ಕ್ಕೆ 50 ಕೂಡಿಸಿದರೆ 75.

ಸರಿಯಾಗಿದೆ ಅನಿಸುತ್ತದೆ. ಆದರೆ ಎರಡು ಬಾಟಲಿಯಲ್ಲೂ ಒಂದೇ ಔಷಧ ಇದ್ದರೆ? ಒಂದು ಡೋಸ್ ಏನೂ ಮಾಡದೆ, ಎರಡು ಡೋಸ್ ಒಟ್ಟಿಗೆ ಹೋದಾಗ ಜೋರಾಗಿ ಕೆಲಸ ಮಾಡುವ ಔಷಧಗಳಿರುತ್ತವೆ. ಬ್ಲಿಸ್ ಲೆಕ್ಕದಲ್ಲಿ ಸೊನ್ನೆಗೆ ಸೊನ್ನೆ ಸೇರಿ ಸೊನ್ನೆಯೇ ಆಗಬೇಕಿತ್ತು, ಹಾಗಾಗಿ ಆ ಔಷಧ ತನಗೆ ತಾನೇ ಬಲ ತುಂಬಿತು ಅನ್ನಬೇಕಾಗುತ್ತದೆ. ಇದಕ್ಕೂ ಮೊದಲೇ, 1920ರ ದಶಕದಲ್ಲಿ, ಸಿಗ್‌ಫ್ರೀಡ್ ಲೋವೆ ಬೇರೆ ದಾರಿ ಹಿಡಿದಿದ್ದರು: ಕೂಡಿಸಬೇಕಾದ್ದು ಪರಿಣಾಮವನ್ನಲ್ಲ, ಡೋಸನ್ನು. ಆಗ ಒಂದೇ ಔಷಧದ ಎರಡು ಬಾಟಲಿಗಳ ತೊಡಕು ತಾನಾಗಿಯೇ ಬಗೆಹರಿಯುತ್ತದೆ. ಆದರೆ ಪೂರಾ ಬೇರೆ ದಾರಿಯಲ್ಲಿ ಕೆಲಸ ಮಾಡುವ ಎರಡು ಔಷಧಗಳ ಡೋಸನ್ನು ಒಂದೇ ಅಳತೆಗೆ ತರುವುದಕ್ಕೆ ಅರ್ಥವಿದೆಯಾ ಅನ್ನುವ ಪ್ರಶ್ನೆ ಎದುರಾಗುತ್ತದೆ. ನೀರು ಎಥನಾಲ್‌ಗೆ ತೂಕ ಸಿಕ್ಕಂತೆ, ಇಲ್ಲಿ ಎಲ್ಲರೂ ಒಪ್ಪುವ ಅಳತೆ ಸಿಕ್ಕಿಲ್ಲ. ಒಂದೇ ಪ್ರಯೋಗದ ಅಂಕಿಗಳು ಒಬ್ಬರ ಲೆಕ್ಕದಲ್ಲಿ ಭರ್ಜರಿ ಜೋಡಿ, ಇನ್ನೊಬ್ಬರ ಲೆಕ್ಕದಲ್ಲಿ ಬರೀ ಮೊತ್ತ ಆಗಬಹುದು. ಅದಕ್ಕೇ ಎರಡು ಔಷಧಗಳು ಸೇರಿ ಮೊತ್ತಕ್ಕಿಂತ ಹೆಚ್ಚು ಕೆಲಸ ಮಾಡಿದವು ಅಂತ ಎಲ್ಲಾದರೂ ಓದಿದರೆ, ಅದು ಬ್ಲಿಸ್ ಲೆಕ್ಕವೋ ಲೋವೆ ಲೆಕ್ಕವೋ ಅಂತ ನಾನು ಮೊದಲು ಹುಡುಕುತ್ತೇನೆ.