ಸಣ್ಣ ವಿಮಾನದ ವೈರ್‌ಲೆಸ್ ಸೆಟ್ಟು ಮತ್ತು ಅದರ ಪರವಾನಗಿ

ನನ್ನ ಅಕ್ಕನ ಮಗ ಖಾಸಗಿ ಪೈಲಟ್ ಆಗಲು ತರಬೇತಿ ಪಡೆಯುತ್ತಿದ್ದಾನೆ. ರಜೆಗೆ ಹಾಸನದ ನಮ್ಮ ಮನೆಗೆ ಬಂದಾಗಲೆಲ್ಲ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ನಾವಿಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತೇವೆ. ನಾನು ಕಂಟ್ರೋಲ್ ಟವರ್, ಅವನು ವಿಮಾನ. ಮುಖ ಕಾಣದೆ, ಕೈಸನ್ನೆಯ ನೆರವಿಲ್ಲದೆ, ಬರೀ ದನಿಯನ್ನು ನಂಬಿ ಕೆಲಸ ಮಾಡುವುದು ಅಭ್ಯಾಸವಾಗಲಿ ಎಂದು ಹಾಗೆ ಕೂರುವುದು. ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿ ಸೇವೆ ಮುಗಿಸಿ ನಿವೃತ್ತನಾದ ನನಗೆ ವಿಮಾನ ಹಾರಿಸುವುದು ಗೊತ್ತಿಲ್ಲ, ಆದರೆ ಮೈಕಿನ ಗುಂಡಿ ಒತ್ತಿ ಮಾತನಾಡುವುದು ಎಂಥ ಜವಾಬ್ದಾರಿಯೆಂಬುದು ಚೆನ್ನಾಗಿ ಗೊತ್ತು.

ಕಳೆದ ಸಲ ಬಂದಾಗ ಅವನು ಕೇಳಿದ: “ಮಾವ, ವಿಮಾನ ಹಾರಿಸೋದಕ್ಕೆ ಲೈಸೆನ್ಸ್ ಬೇಕು, ಒಪ್ಪಿದೆ. ಅದರಲ್ಲಿ ಕೂತು ಮಾತಾಡೋದಕ್ಕೂ ಬೇರೆ ಪರೀಕ್ಷೆ, ಸೆಟ್ಟಿಗೆ ಬೇರೆ ಲೈಸೆನ್ಸ್ ಯಾಕೆ?” ಆ ರಾತ್ರಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಈ ನಿಯಮದ ಬೇರು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನದ ಕುರಿತ 1944ರ ಷಿಕಾಗೋ ಒಪ್ಪಂದದಲ್ಲಿದೆ. ಅದರ 30ನೇ ವಿಧಿಯ ಪ್ರಕಾರ, ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಪರವಾನಗಿಯಿದ್ದರೆ ಮಾತ್ರ ಅದು ಬೇರೆ ದೇಶದ ಮೇಲೆ ಹಾರುವಾಗ ರೇಡಿಯೋ ಪ್ರಸಾರದ ಉಪಕರಣವನ್ನು ಹೊಂದಿರಬಹುದು. ಅದನ್ನು ಬಳಸುವ ಸಿಬ್ಬಂದಿಗೆ ಅದಕ್ಕೆಂದೇ ಪಡೆದ ಪ್ರತ್ಯೇಕ ಪರವಾನಗಿ ಇರಬೇಕು. ಯಂತ್ರಕ್ಕೊಂದು, ಮನುಷ್ಯನಿಗೊಂದು ಎಂಬ ಈ ವಿಂಗಡಣೆಯನ್ನೇ ನಮ್ಮ ದೇಶವೂ ಪಾಲಿಸಿಕೊಂಡು ಬಂದಿದೆ. ಸೆಟ್ಟಿಗೆ ಏರೋ ಮೊಬೈಲ್ ಲೈಸೆನ್ಸ್ ಕೊಡುವುದು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ರೇಡಿಯೋ ತರಂಗಗಳ ಬಳಕೆಯನ್ನು ನೋಡಿಕೊಳ್ಳುವ ಡಬ್ಲ್ಯೂಪಿಸಿ ವಿಭಾಗ. ಮಾತನಾಡುವವನಿಗೆ ಆರ್‌ಟಿಆರ್, ಅಂದರೆ ರೇಡಿಯೋದಲ್ಲಿ ಮಾತನಾಡುವ ಅರ್ಹತೆಯ, ಪರೀಕ್ಷೆಯನ್ನು ಬಹುಕಾಲ ನಡೆಸಿದ್ದೂ ಅದೇ ವಿಭಾಗ. ಅದರಲ್ಲಿ ಪಾಸಾದ ಮೇಲೆ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಪರವಾನಗಿಯನ್ನು ಬೇರೆಯಾಗಿ ಪಡೆಯಬೇಕಿತ್ತು. 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮವು ಈ ಪರೀಕ್ಷೆಯ ಅಧಿಕಾರವನ್ನೂ ಡಿಜಿಸಿಎಗೇ ಒಪ್ಪಿಸಿತು. ಪೈಲಟ್ ಆಗಬಯಸುವ ಹುಡುಗರು ಎರಡು ಇಲಾಖೆಗಳ ನಡುವೆ ಅಲೆಯುವುದು ಇದರಿಂದ ತಪ್ಪುತ್ತದೆಯೆಂಬ ಕಾರಣಕ್ಕೆ ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ.

ಸೆಟ್ಟಿನ ಪರವಾನಗಿಯೆಂದರೆ ಬರೀ ಶುಲ್ಕ ಕಟ್ಟಿದ ರಸೀದಿಯೆಂದು ತಿಳಿದವರಿದ್ದಾರೆ. ನನ್ನ ಸೋದರಳಿಯ ಕಲಿಯುತ್ತಿರುವಲ್ಲಿ ಹೀಗೇ ಒಂದು ಪ್ರಸಂಗ ನಡೆಯಿತು. ಎರಡು ಸೀಟಿನ ವಿಮಾನವೊಂದರ ಹಳೆಯ ಸೆಟ್ಟು ಕೆಟ್ಟಿತೆಂದು ಬೇರೆ ಮಾದರಿಯ ಸೆಟ್ಟನ್ನು ಕೂರಿಸಿದರು, ಆದರೆ ಪರವಾನಗಿಯಲ್ಲಿ ಹಳೆಯ ಮಾದರಿಯ ಹೆಸರೇ ಉಳಿದಿತ್ತು. ತಪಾಸಣೆಯಲ್ಲಿ ಅದು ಗೊತ್ತಾದ ಮೇಲೆ, ಎಂಜಿನ್ನಿನಿಂದ ಹಿಡಿದು ರೆಕ್ಕೆಯ ತುದಿಯವರೆಗೆ ಯಾವ ದೋಷವೂ ಇಲ್ಲದ ಆ ವಿಮಾನ, ಕಾಗದ ಸರಿಯಾಗುವ ತನಕ ಶೆಡ್ಡಿನಲ್ಲೇ ನಿಲ್ಲಬೇಕಾಯಿತು. ಹುಡುಗರಿಗೆ ಬೇಸರವಾದದ್ದು ಸಹಜ. ಆದರೆ ಆ ಕಾಗದ ಒಂದು ನಿರ್ದಿಷ್ಟ ವಿಮಾನದಲ್ಲಿರುವ ನಿರ್ದಿಷ್ಟ ಉಪಕರಣಕ್ಕೆ ಕೊಟ್ಟದ್ದು. ಯಾವ ಸೆಟ್ಟು ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಶಕ್ತಿಯಿಂದ ಪ್ರಸಾರ ಮಾಡುತ್ತದೆಂಬುದು ದಾಖಲೆಯಲ್ಲಿ ಇಲ್ಲದಿದ್ದರೆ, ಮುಂದೊಂದು ದಿನ ಗಾಳಿಯಲ್ಲಿ ತೊಂದರೆ ಎದ್ದಾಗ ಅದರ ಮೂಲವನ್ನು ಹುಡುಕುವುದು ಬಹಳ ಕಷ್ಟ.

ನಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಚಿಕ್ಕಮಗಳೂರು, ಸಕಲೇಶಪುರದ ಕಡೆ ಮೊಬೈಲ್ ಸಿಗ್ನಲ್ ಸಿಗದ ಕಾಫಿ ತೋಟಗಳಲ್ಲಿ ಕೆಲಸದ ಮೇಲ್ವಿಚಾರಣೆ ಮಾಡುವ ರೈಟರುಗಳ ಕೈಗೆ ವಾಕಿಟಾಕಿ ಕೊಡುವುದುಂಟು. 446.0ರಿಂದ 446.2 ಮೆಗಾಹರ್ಟ್ಸ್‌ನೊಳಗೆ ಕೆಲಸ ಮಾಡುವ ಕಡಿಮೆ ಶಕ್ತಿಯ ಸೆಟ್ಟುಗಳ ಬಳಕೆಗೆ ಪರವಾನಗಿ ಬೇಕಿಲ್ಲ. ಅದರ ದನಿ ಒಂದು ಗುಡ್ಡ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ. ಪಕ್ಕದ ತೋಟದವರಿಗೂ ಸರಿಯಾಗಿ ಕೇಳುವುದಿಲ್ಲ. ವಿಮಾನದ ಸೆಟ್ಟು 118ರಿಂದ 137 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ. ಇದರ ಅಲೆಗಳೂ ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತವೆ, ಆದರೆ ಎತ್ತರಕ್ಕೆ ಏರಿದಂತೆಲ್ಲ ದಿಗಂತ ದೂರ ಸರಿಯುತ್ತದೆ. ಹಾಸನದ ಮೇಲೆ ನೆಲದಿಂದ 3,000 ಅಡಿ ಎತ್ತರದಲ್ಲಿ ಮಾತನಾಡಿದರೆ, ಬಯಲು ನೆಲವೆಂದು ಲೆಕ್ಕ ಹಾಕಿದಾಗ, ಸುಮಾರು 125 ಕಿಲೋಮೀಟರ್ ದೂರಕ್ಕೆ ಕೇಳುತ್ತದೆ. 10,000 ಅಡಿಗೆ ಏರಿದರೆ ಅದು ಸುಮಾರು 225 ಕಿಲೋಮೀಟರ್. ಮೈಸೂರು, ಮಂಗಳೂರು, ಬೆಂಗಳೂರು ಮೂರೂ ಆ ವರ್ತುಲದೊಳಗೆ ಬರುತ್ತವೆ. ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಕೂತವನ ದನಿ, ನೂರಾರು ಪ್ರಯಾಣಿಕರನ್ನು ಹೊತ್ತು ಇಳಿಯುತ್ತಿರುವ ದೊಡ್ಡ ವಿಮಾನದ ಪೈಲಟ್ಟಿನ ಕಿವಿಗೂ ಬೀಳಬಹುದು. ವಿಮಾನ ಸಣ್ಣದೆಂದು ನಿಯಮ ಸಡಿಲವಾಗದಿರುವುದಕ್ಕೆ ಇದೇ ಕಾರಣ.

ಇನ್ನೊಂದು ಕಾರಣ ವಿಮಾನದ ರೇಡಿಯೋ ಇಂದಿಗೂ ಎಎಂ, ಅಂದರೆ ದನಿಗೆ ತಕ್ಕಂತೆ ಅಲೆಯ ಬಲವನ್ನು ಏರಿಳಿಸುವ, ಪದ್ಧತಿಯಲ್ಲಿರುವುದು. ಅಲೆಯ ಫ್ರೀಕ್ವೆನ್ಸಿಯನ್ನು ಬದಲಿಸುವ ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಪ್ರಬಲವಾದ ದನಿ ದುರ್ಬಲವಾದದ್ದನ್ನು ಪೂರ್ತಿ ನುಂಗಿಬಿಡುತ್ತದೆ, ಇನ್ನೊಬ್ಬ ಕೂಗಿದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಎಎಂನಲ್ಲಿ ಎರಡೂ ಬೆರೆತು ಕೀಚಲು ಸದ್ದಾಗುತ್ತದೆ; ಮಾತು ಅರ್ಥವಾಗದಿದ್ದರೂ ಇನ್ನೊಬ್ಬರು ಇದ್ದಾರೆಂಬುದಾದರೂ ತಿಳಿಯುತ್ತದೆ. ಆ ಕೀಚಲು ಸದ್ದಿನಡಿ ಮುಚ್ಚಿಹೋದ ಮಾತಿಗೆ ತೆತ್ತ ಬೆಲೆಯನ್ನು ಜಗತ್ತು 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಕಂಡಿತು. ಮಂಜು ಕವಿದ ರನ್‌ವೇಯಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಟವರ್ ಹೇಳಿದ ‘ಕಾಯಿರಿ’ ಎಂಬ ಮಾತೂ ಇನ್ನೊಂದು ವಿಮಾನ ಹೇಳಿದ ‘ನಾವಿನ್ನೂ ರನ್‌ವೇಯಲ್ಲೇ ಇದ್ದೇವೆ’ ಎಂಬ ಮಾತೂ ಏಕಕಾಲಕ್ಕೆ ಹೊರಟು ಒಂದಕ್ಕೊಂದು ಅಡ್ಡವಾಗಿದ್ದವು. ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ‘ಟೇಕಾಫ್’ ಎಂಬ ಪದವನ್ನು ಅದಕ್ಕೆ ಅನುಮತಿ ಕೊಡುವಾಗ ಅಥವಾ ರದ್ದುಮಾಡುವಾಗ ಮಾತ್ರ ಬಳಸಬೇಕೆಂಬ ಕಟ್ಟುನಿಟ್ಟು ಬಂದದ್ದು ಆ ಸಾವುಗಳ ನಂತರ.

ಮಾತನಾಡುವವನನ್ನು ಪರೀಕ್ಷಿಸುವುದೇ ಈ ಇಡೀ ವ್ಯವಸ್ಥೆಯ ಜೀವಾಳವೆಂದು ನಾನು ನಂಬಿದ್ದೇನೆ. ನಮ್ಮ ಸೀಮೆಯ ಆಡುಮಾತಿನಲ್ಲಿ ‘ಹ’ಕಾರ ಬಿದ್ದುಹೋಗುತ್ತದೆ, ‘ಹೇಳು’ ಎನ್ನುವುದೂ ‘ಏಳು’ ಎಂದೇ ಕೇಳುತ್ತದೆ. ಸೇವೆಗೆ ಸೇರಿದ ಹೊಸತರಲ್ಲಿ, ಶಿರಾಡಿ ಘಾಟಿಯಲ್ಲಿ ಮಳೆ ಹೊಯ್ಯುತ್ತಿದ್ದ ಒಂದು ರಾತ್ರಿ, ನಿಂತುಹೋದ ವಾಹನಗಳೆಷ್ಟು ಎಂದು ಕೇಳಿದಾಗ ಆ ಕಡೆಯವರು ‘ಏಳು’ ಎಂದರು. ನನ್ನ ಪ್ರಶ್ನೆ ಸರಿಯಾಗಿ ಕೇಳಿಸದೆ, ಇನ್ನೊಮ್ಮೆ ಹೇಳು ಎಂಬ ಅರ್ಥದಲ್ಲಿ ಅವರು ಆಡಿದ ಮಾತದು. ನಾನು ಲಾಗ್ ಪುಸ್ತಕದಲ್ಲಿ ಏಳು ವಾಹನವೆಂದು ಬರೆದೆ. ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಆದರೂ ಆ ಪುಟ ನನಗೆ ಇಂದಿಗೂ ನೆನಪಿದೆ. ವಿಮಾನಯಾನದ ಇಂಗ್ಲಿಷಿನಲ್ಲಿ ‘ನೈನ್’ ಅನ್ನು ‘ನೈನರ್’ ಎಂದೂ ‘ಫೈವ್’ ಅನ್ನು ‘ಫೈಫ್’ ಎಂದೂ ಹೇಳಿಸುವುದರ ಹಿಂದೆ ಇಂಥ ಅನುಭವಗಳೇ ಇವೆ. ಟವರ್ ಕೊಟ್ಟ ಅನುಮತಿಯನ್ನು ಪೈಲಟ್ ಮರಳಿ ಓದಿ ಹೇಳಬೇಕು, ತಪ್ಪಿದ್ದರೆ ಟವರ್ ತಿದ್ದಬೇಕು. ನಮ್ಮ ಮಾತಿನಲ್ಲಿ ಸಲೀಸಾಗಿ ಬರುವ ‘ಹೂಂ’, ‘ಸರಿ ಸಾರ್’ ಎಂಬ ಉತ್ತರಗಳಿಗೆ ಅಲ್ಲಿ ಬೆಲೆಯಿಲ್ಲ.

ಅಮೆರಿಕದಲ್ಲಿ 1996ರಿಂದ ಈಚೆಗೆ ದೇಶದೊಳಗೆ ಮಾತ್ರ ಹಾರುವ ಖಾಸಗಿ ವಿಮಾನದ ಸೆಟ್ಟಿಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಬೇರೆ ದೇಶಕ್ಕೆ ಹಾರುವಾಗ ಬೇಕು. ಮೈಕ್ರೋಲೈಟ್‌ನಂಥ ಪುಟ್ಟ ವಿಮಾನಗಳ ಮಟ್ಟಿಗೆ ಸೆಟ್ಟಿನ ಕಾಗದಪತ್ರವನ್ನು ನಮ್ಮಲ್ಲೂ ಹಗುರ ಮಾಡಿ, ಸೆಟ್ಟು ಬದಲಿಸಿದ್ದನ್ನು ಒಂದೆರಡು ದಿನಗಳಲ್ಲಿ ದಾಖಲಿಸುವ ಏರ್ಪಾಡು ಮಾಡಿದರೆ ಒಳ್ಳೆಯದೇ. ಮಾತಿನ ಪರೀಕ್ಷೆಯನ್ನು ಮಾತ್ರ ಒಂದಿಷ್ಟೂ ಸಡಿಲಿಸಬಾರದು.

ಮೊನ್ನೆ ರಾತ್ರಿ ಜಗಲಿಯಲ್ಲಿ ಅವನನ್ನು ಮೈಸೂರಿಗೆ ಇಳಿಸುತ್ತಿದ್ದೆ. ರನ್‌ವೇ ಸೊನ್ನೆ ಒಂಬತ್ತು ಎಂದು ಮೊದಲು ಹೇಳಿ, ಇಳಿಯಲು ಅನುಮತಿ ಕೊಡುವಾಗ ಬೇಕೆಂದೇ ಎದುರು ದಿಕ್ಕಿನ ಎರಡು ಏಳು ಎಂದೆ. ತಿಂಗಳ ಹಿಂದೆ ಆಗಿದ್ದರೆ ಹಿರಿಯರು ಹೇಳಿದರೆಂದು ಒಪ್ಪಿಕೊಂಡುಬಿಡುತ್ತಿದ್ದ. ಈ ಸಲ ಎರಡು ಕ್ಷಣ ಸುಮ್ಮನಿದ್ದು, ದನಿ ಏರಿಸದೆ, “ಸೇ ಅಗೇನ್ ರನ್‌ವೇ” ಎಂದ.